ಎಂಜಿನ್ನಿನ ಎಣ್ಣೆಯಲ್ಲಿ ನೀರು

ಎಂಜಿನ್ನಿಗೆ ಆಯಿಲು ಹೊಯ್ಯುವ ಮುಚ್ಚಳವನ್ನು ತಿರುವಿ ತೆಗೆದಾಗ, ಅದರ ಒಳಮೈಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ, ಬೆಣ್ಣೆಯಂತೆ ಮೆತ್ತಗಾದ ಜಿಡ್ಡು ಹತ್ತಿಕೊಂಡಿರುವುದನ್ನು ಕಂಡರೆ ಕಾರಿನ ಯಜಮಾನನ ಎದೆ ಧಸಕ್ಕೆನ್ನುವುದು ಸಹಜವೇ. ಎಣ್ಣೆಯಲ್ಲಿ ನೀರು ಸೇರಿದೆಯೆಂಬುದಕ್ಕೆ ಅದು ಗುರುತು, ಇದರಲ್ಲಿ ಸಂದೇಹವಿಲ್ಲ. ಆದರೆ ಆ ನೀರು ಎಲ್ಲಿಂದ ಬಂದಿತೆಂಬುದೇ ವಿಚಾರಮಾಡತಕ್ಕ ಪ್ರಶ್ನೆ. ಗಾಳಿಯಿಂದಲೂ ಇಂಧನದ ಉರಿಯಿಂದಲೂ ಬಂದ ತೇವವಾಗಿದ್ದರೆ, ಒಂದು ದೂರಪ್ರಯಾಣದಿಂದಲೇ ಅದು ಹೊರಟುಹೋದೀತು. ಎಂಜಿನ್ನನ್ನು ತಂಪಾಗಿಡುವ ಕೂಲೆಂಟೇ ಒಳಗೆ ಸೋರಿ ಬಂದಿದ್ದರೆ, ಅದೇ ದೂರಪ್ರಯಾಣವು ಆ ಎಂಜಿನ್ನಿನ ಕಡೆಯ ಪ್ರಯಾಣವಾದೀತು. ಒಂದೇ ಗುರುತಿಗೆ ಹೀಗೆ ಎರಡು ಅರ್ಥಗಳಿರುವುದರಿಂದ, ಹೆದರಿ ವೃಥಾ ಎಂಜಿನ್ ಬಿಚ್ಚಿಸಿ ಹಣ ತೆತ್ತವರೂ ಉಂಟು. ಅಲಕ್ಷ್ಯಮಾಡಿ ಎಂಜಿನ್ನನ್ನೇ ಕಳೆದುಕೊಂಡವರೂ ಉಂಟು.

ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಕಾರನ್ನಿಟ್ಟುಕೊಂಡವರಿಗೆ ಈ ವಿಚಾರ ವಿಶೇಷವಾಗಿ ತಿಳಿದಿರಬೇಕು. ಪಿರಿಯಾಪಟ್ಟಣವು ಕೊಡಗಿನ ಅಂಚಿನಲ್ಲಿದೆ. ಹೆಗ್ಗಡದೇವನಕೋಟೆಯು ವಯನಾಡಿನ ಅಂಚಿನಲ್ಲಿದೆ. ಆಷಾಢ ಶ್ರಾವಣಗಳಲ್ಲಿ ಈ ಎರಡು ಕಡೆಯ ಮಳೆಮೋಡಗಳೂ ಇಲ್ಲಿಗೆ ಹಾಯ್ದು ಬರುತ್ತವೆ. ಕಬಿನಿಯ ಹಿನ್ನೀರಿನ ಸುತ್ತಲೂ, ಕೃಷ್ಣರಾಜನಗರದ ನಾಲೆಯ ಬಯಲಿನ ಗದ್ದೆಗಳ ಮೇಲೂ ಮಾಗಿಯ ಮಂಜು ಬಿಸಿಲೇರುವವರೆಗೆ ಕವಿದಿರುತ್ತದೆ. ಇನ್ನು ಕಾರಿನ ಓಡಾಟವೋ, ಬಹುಮಟ್ಟಿಗೆ ಸಣ್ಣ ಸಣ್ಣದು: ಕೋಟೆಯಿಂದ ಹ್ಯಾಂಡ್‌ಪೋಸ್ಟಿಗೆ, ಮನೆಯಿಂದ ತೋಟಕ್ಕೆ, ಮಗುವನ್ನು ಶಾಲೆಗೆ ಬಿಟ್ಟು ಹಿಂದಕ್ಕೆ. ಎಂಜಿನ್ನು ಬಿಸಿಯಾಗುವಷ್ಟರಲ್ಲಿಯೇ ನಿಲ್ಲುತ್ತದೆ. ತೇವ ಕೂಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಅನುಕೂಲ ಬೇರೆ ಬೇಕಿಲ್ಲ.

ಪೆಟ್ರೋಲು ಉರಿದರೆ ನೀರು ಹುಟ್ಟುತ್ತದೆಯೆಂದರೆ ಅನೇಕರು ನಂಬಲಾರರು. ಪೆಟ್ರೋಲಿನಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಮೆ ಒಂದು ಲೀಟರು ನೀರೇ ಆಗುತ್ತದೆ. ಅದರಲ್ಲಿ ಬಹುಭಾಗವು ಹಬೆಯಾಗಿ ಸೈಲೆನ್ಸರಿನ ದಾರಿಯಿಂದ ಹೊರಟುಹೋಗುವುದು. ಚಳಿಯ ಬೆಳಗ್ಗೆ ಸೈಲೆನ್ಸರಿನ ತುದಿಯಿಂದ ತೊಟ್ಟಿಕ್ಕುವ ನೀರೂ ಮೊದಮೊದಲು ಬರುವ ಬಿಳಿಯ ಹೊಗೆಯೂ ಇದರಿಂದಲೇ, ಅಷ್ಟಕ್ಕೆ ಹೆದರಬೇಕಾದುದಿಲ್ಲ. ಸ್ವಲ್ಪ ಭಾಗ ಮಾತ್ರ ಪಿಸ್ಟನ್ನಿನ ರಿಂಗುಗಳ ಸಂದಿನಲ್ಲಿ ನುಸುಳಿ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಎಣ್ಣೆ ಚೆನ್ನಾಗಿ ಕಾದಿದ್ದರೆ ಈ ತೇವ ಮತ್ತೆ ಹಬೆಯಾಗಿ ಬ್ರೀದರಿನ ಕೊಳವೆಯಿಂದ ಹೊರಕ್ಕೆ ಹೋಗುವುದು. ಕಾಯದಿದ್ದರೆ, ತಣ್ಣಗಿರುವ ಮುಚ್ಚಳದ ಒಳಮೈಯಲ್ಲಿ ಬೆವರಿನಂತೆ ಹನಿಗೂಡಿ, ಎಣ್ಣೆಯೊಡನೆ ಕಡೆದಂತಾಗಿ, ಮೇಲೆ ಹೇಳಿದ ಜಿಡ್ಡಾಗುವುದು. ಡ್ಯಾಷ್‌ಬೋರ್ಡಿನ ಶಾಖದ ಮುಳ್ಳು ನಡುವಿಗೆ ಬಂದೊಡನೆ ಎಂಜಿನ್ನು ಕಾದಿತೆಂದು ತಿಳಿಯುವುದು ಸರಿಯಲ್ಲ. ಅದು ಕೂಲೆಂಟಿನ ಶಾಖ. ಎಣ್ಣೆ ಅಷ್ಟೇ ಕಾಯಬೇಕಾದರೆ ಇನ್ನೂ ಹತ್ತು ಹದಿನೈದು ನಿಮಿಷ ಬೇಕು.

ಹೊಗೆಸೊಪ್ಪು ಬೆಳೆಯುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ಬ್ಯಾರನ್ನಿನಲ್ಲಿ ಎಲೆ ಹಳದಿಗೆ ತಿರುಗಿತೆಂದು ಯಾರೂ ಬೆಂಕಿಯನ್ನು ನಿಲ್ಲಿಸುವುದಿಲ್ಲ. ಶಾಖವನ್ನು ಮೆಲ್ಲಮೆಲ್ಲನೆ ಸುಮಾರು ೭೦ ಡಿಗ್ರಿಯವರೆಗೆ ಏರಿಸಿ, ಎಲೆಯ ನಡುದಂಟಿನ ನೀರೂ ಆರಿದ ಮೇಲೆಯೇ ಬಾಗಿಲು ತೆರೆಯುವುದು ವಾಡಿಕೆ. ದಂಟು ಹಸಿಯಾಗಿ ಉಳಿದರೆ ಬೂಷ್ಟು ಹಿಡಿದು, ಕಟ್ಟೆಮಳಲವಾಡಿಯ ಹರಾಜುಕಟ್ಟೆಗೆ ಹೋಗುವಷ್ಟರಲ್ಲಿ ಬೇಲಿಗೆ ಬೇಲೇ ಕೆಟ್ಟಿರುತ್ತದೆ. ಎಂಜಿನ್ನಿಗೂ ಅರ್ಧ ಶಾಖ ಸಾಲದು.

ಹಾಗಾದರೆ ಇದು ತೇವವೋ ಕೂಲೆಂಟೋ ಎಂಬುದನ್ನು ಮನೆಯಲ್ಲಿಯೇ ಅರಿಯುವ ಬಗೆ ಹೇಗೆ? ಮೊದಲು ನೋಡತಕ್ಕದ್ದು ಎಣ್ಣೆಯನ್ನಲ್ಲ, ಕೂಲೆಂಟಿನ ಬಾಟಲಿಯನ್ನು. ಎಣ್ಣೆಗೆ ಕೂಲೆಂಟು ಸೇರಿದೆಯೆಂದ ಮೇಲೆ ಅದರ ಮನೆಯಲ್ಲಿ ಅಷ್ಟು ಕಡಮೆಯಾಗಲೇಬೇಕಷ್ಟೆ. ರಾತ್ರಿಯೆಲ್ಲ ನಿಂತು ತಣ್ಣಗಾದ ಕಾರನ್ನು ಬೆಳಗ್ಗೆ ಸಮನೆಲದಲ್ಲಿಯೇ ನೋಡಿ, ಬಾಟಲಿಯಲ್ಲಿ ದ್ರವ ನಿಂತಿರುವ ಮಟ್ಟಕ್ಕೆ ಸರಿಯಾಗಿ ಒಂದು ಕಾಗದದ ಚೂರನ್ನು ಅಂಟಿಸಿ ತಾರೀಖನ್ನು ಬರೆಯಬೇಕು. ಒಂದು ವಾರ ದಿನವೂ ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ ನೋಡಬೇಕು. ಬಿಸಿಯಿರುವಾಗ ದ್ರವ ಉಬ್ಬುವುದರಿಂದ ಆಗಿನ ಅಳತೆ ಅಳತೆಯಲ್ಲ. ಬಿಸಿಯಿರುವಾಗ ಮುಚ್ಚಳವನ್ನು ತೆರೆಯಲಂತೂ ಕೂಡದು. ಒತ್ತಡದಲ್ಲಿರುವ ಕುದಿನೀರು ಚಿಮ್ಮಿ ಮುಖವನ್ನೂ ಕೈಯನ್ನೂ ಸುಡುವುದು. ಮಟ್ಟ ಒಂದಿಷ್ಟೂ ಇಳಿಯದಿದ್ದರೆ ಮುಚ್ಚಳದ ಜಿಡ್ಡು ಬಹುತೇಕ ತೇವದ್ದೇ. ಇಳಿಯುತ್ತಿದ್ದರೆ, ಹೋಸ್ ಪೈಪು, ರೇಡಿಯೇಟರು, ವಾಟರ್ ಪಂಪು ಇವುಗಳಲ್ಲಿ ಹೊರಸೋರಿಕೆಯಿದೆಯೇ ಎಂದು ಕೆಳಗೆ ಕಾಗದ ಹಾಸಿ ನೋಡಬೇಕು. ಹೊರಗೆ ಒಂದು ತೊಟ್ಟೂ ಬೀಳದೆ ಒಳಗೆ ಇಳಿಯುತ್ತಿದ್ದರೆ ಅದು ಕೆಟ್ಟ ಸೂಚನೆ.

ಎರಡನೆಯ ಸಾಕ್ಷಿ ಡಿಪ್‌ಸ್ಟಿಕ್ಕು, ಎಂದರೆ ಎಣ್ಣೆಯನ್ನು ಅಳೆಯುವ ಕಡ್ಡಿ. ಮುಚ್ಚಳವು ಎಂಜಿನ್ನಿನ ನೆತ್ತಿಯಲ್ಲಿರುವ ತಣ್ಣನೆಯ ಜಾಗ. ಕಡ್ಡಿಯ ತುದಿಯಾದರೋ ಎಣ್ಣೆಯ ನಡುವೆಯೇ ಮುಳುಗಿರುವುದು. ಆದಕಾರಣ ಮುಚ್ಚಳದಲ್ಲಿ ಮಾತ್ರ ಜಿಡ್ಡಿದ್ದು, ಕಡ್ಡಿಯ ತುದಿಯಲ್ಲಿ ಎಣ್ಣೆ ಎಂದಿನಂತೆ ಕಂದಾಗಿಯೋ ಕಪ್ಪಾಗಿಯೋ ಸ್ವಚ್ಛವಾಗಿದ್ದರೆ ಸಮಾಧಾನ ತಾಳಬಹುದು. ಕಡ್ಡಿಯಲ್ಲಿಯೂ ಎಣ್ಣೆ ಕದಡಿದ ಕಾಫಿಯಂತಿದ್ದರೆ, ಅದಕ್ಕೂ ಮಿಗಿಲಾಗಿ ಎಣ್ಣೆಯ ಮಟ್ಟ ಹಾಕಿದುದಕ್ಕಿಂತ ಮೇಲೇರಿದ್ದರೆ, ಕಾರನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು. ಎಣ್ಣೆ ತಾನಾಗಿ ಹೆಚ್ಚುವ ಪದಾರ್ಥವಲ್ಲ. ಡೀಸೆಲ್ ಎಂಜಿನ್ನುಗಳಲ್ಲಿ ಕೆಲವು ವೇಳೆ ಡೀಸೆಲೇ ಇಳಿದು ಮಟ್ಟ ಏರುವುದುಂಟು. ಆದರೆ ಆಗ ಎಣ್ಣೆ ತೆಳ್ಳಗಾಗಿ ಡೀಸೆಲಿನ ವಾಸನೆ ಹೊಡೆಯುವುದೇ ಹೊರತು ಬೆಳ್ಳಗಾಗುವುದಿಲ್ಲ.

ಕೂಲೆಂಟು ಇಳಿದಿಲ್ಲ, ಕಡ್ಡಿ ಸ್ವಚ್ಛವಾಗಿದೆ, ಎಂಜಿನ್ನು ಮಿತಿಮೀರಿ ಕಾಯುತ್ತಿಲ್ಲ ಎಂಬ ಈ ಮೂರೂ ಖಚಿತವಾದ ಬಳಿಕ ಮಾತ್ರ ದೂರಪ್ರಯಾಣದ ಪರೀಕ್ಷೆಯನ್ನು ಮಾಡಬಹುದು. ಮುಚ್ಚಳವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ಹಾಕಿ, ಹುಣಸೂರಿನವರು ಬಿಳಿಕೆರೆ, ಇಲವಾಲಗಳ ದಾರಿಯಾಗಿ ಮೈಸೂರಿಗೊಮ್ಮೆ ಹೋಗಿಬರಲಿ. ಸುಮಾರು ೪೫ ಕಿಲೋಮೀಟರಿನ ಆ ದಾರಿ ಎಣ್ಣೆಯನ್ನು ಕಾಯಿಸಲು ಧಾರಾಳವಾಗಿ ಸಾಕು. ಇಂಥ ಎರಡು ಮೂರು ಪ್ರಯಾಣಗಳಾದ ಮೇಲೆ ಜಿಡ್ಡು ಮತ್ತೆ ಕಟ್ಟದಿದ್ದರೆ ತೇವವೆಂದೇ ತಿಳಿಯಬಹುದು. ಮನೆಯ ಮುಂದೆ ನಿಲ್ಲಿಸಿಕೊಂಡು ಬರಿದೆ ಎಂಜಿನ್ ಓಡಿಸುವುದರಿಂದ ಈ ಕೆಲಸವಾಗದು. ಅದು ಇಂಧನಕ್ಕೂ ದಂಡ, ತೇವಕ್ಕೂ ಇನ್ನಷ್ಟು ಸೇರ್ಪಡೆ.

ಅಡಿಗೆಮನೆಯವರಿಗೆ ತಿಳಿದ ಇನ್ನೊಂದು ಪರೀಕ್ಷೆಯುಂಟು. ಒಗ್ಗರಣೆಯ ಎಣ್ಣೆಗೆ ಒದ್ದೆ ಸೌಟು ತಗಲಿದರೆ ಚಟಪಟನೆ ಸಿಡಿಯುವುದಷ್ಟೆ. ಎಂಜಿನ್ ಆಯಿಲಿಗೂ ಅದೇ ಧರ್ಮ. ಸುಮಾರು ೧೫೦ ಡಿಗ್ರಿಗೆ ಕಾದ ಲೋಹದ ತಟ್ಟೆಯ ಮೇಲೆ ಒಂದೇ ಒಂದು ತೊಟ್ಟನ್ನು ಬಿಟ್ಟರೆ, ನೀರಿರುವ ಎಣ್ಣೆ ಗುಳ್ಳೆಯೆದ್ದು ಸಿಡಿಯುವುದು. ನೀರಿಲ್ಲದ್ದು ಸುಮ್ಮನೆ ಹರಡಿಕೊಳ್ಳುವುದು. ಸಾವಿರದಲ್ಲಿ ಒಂದು ಪಾಲು ನೀರಿದ್ದರೂ ಇದರಿಂದ ಗೊತ್ತಾಗುವುದು. ಬೆಂಕಿಯ ಬಾಯಿಯ ಮೇಲೆ ಇದನ್ನು ಮಾಡಕೂಡದು. ತಟ್ಟೆಯನ್ನು ಕಾಯಿಸಿ ಹೊರಗೆ ತಂದಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮಾಡಬೇಕು. ದೋಸೆಯ ಹಂಚನ್ನು ಇದಕ್ಕೆ ತೆಗೆದುಕೊಂಡು ಗೃಹಿಣಿಯ ಕೋಪಕ್ಕೆ ಗುರಿಯಾಗುವುದೂ ಜಾಣತನವಲ್ಲ. ಈ ಪರೀಕ್ಷೆ ನೀರಿದೆಯೆಂದು ಹೇಳುವುದೇ ಹೊರತು ನೀರಿನ ಕುಲಗೋತ್ರಗಳನ್ನು ಹೇಳಲಾರದು. ಅಲ್ಲದೆ ಎಂಜಿನ್ನಿನ ಶಾಖಕ್ಕೆ ಕೂಲೆಂಟಿನ ನೀರೆಲ್ಲ ಆರಿಹೋಗಿ, ಅದರಲ್ಲಿದ್ದ ಗ್ಲೈಕಾಲು ಮಾತ್ರ ಎಣ್ಣೆಯಲ್ಲಿ ಉಳಿದಿದ್ದರೆ ತಟ್ಟೆ ಸಿಡಿಯದೆಯೂ ಇರಬಹುದು. ಅಂಥಲ್ಲಿ ಬ್ಲಾಟಿಂಗ್ ಕಾಗದ ಕೊಂಚ ಸಹಾಯಮಾಡುತ್ತದೆ. ಕಡ್ಡಿಯಿಂದ ಒಂದು ತೊಟ್ಟನ್ನು ಅದರ ಮೇಲೆ ಬಿಟ್ಟು ಒಂದು ದಿನ ಬಿಡಬೇಕು. ಒಳ್ಳೆಯ ಎಣ್ಣೆ ವರ್ತುಲವಾಗಿ ಹರಡಿ ಅಂಚಿಗೆ ತಿಳಿಯಾಗುವುದು. ನೀರು ಸೇರಿದ್ದರೆ ಅಂಚು ಗರಗಸದಂತಾಗುವುದು. ಗ್ಲೈಕಾಲಿದ್ದರೆ ನಡುವೆ ಕಾಡಿಗೆಯಂಥ ಕರಿಮುದ್ದೆ ಹರಡದೆ ನಿಲ್ಲುವುದು. ಇದು ಸೂಚನೆ ಮಾತ್ರ, ತೀರ್ಪಲ್ಲ. ನಿರ್ಣಯ ಬೇಕಾದವರು ಎಣ್ಣೆಯ ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸಬಹುದು. ಕೂಲೆಂಟಿನಲ್ಲಿ ತುಕ್ಕನ್ನು ತಡೆಯಲು ಬೆರೆಸಿರುವ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಎಣ್ಣೆಯಲ್ಲಿ ಕಂಡರೆ ಅವು ಮಂಜಿನಿಂದ ಬಂದವೆಂದು ಯಾರೂ ಹೇಳಲಾರರು.

ಕೂಲೆಂಟೇ ಸೇರಿದೆಯೆಂದು ತೋರಿದ ಮೇಲೆ ಕಾರನ್ನು ಓಡಿಸದೆ, ಎಳೆಯಿಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು. ಗ್ಲೈಕಾಲು ಬಿಸಿಯೆಣ್ಣೆಯಲ್ಲಿ ಕೊಳೆತು ಹುಳಿಯಾಗುತ್ತದೆ. ಎಣ್ಣೆ ಅಂಬಲಿಯಂತೆ ಗಟ್ಟಿಯಾಗಿ ಫಿಲ್ಟರನ್ನು ಕಟ್ಟುತ್ತದೆ. ಕ್ರ್ಯಾಂಕಿನ ಬೇರಿಂಗುಗಳು ಎಣ್ಣೆಯ ಪೊರೆಯಿಲ್ಲದೆ ಲೋಹಕ್ಕೆ ಲೋಹ ತಾಗಿ ಸವೆದುಹೋಗುತ್ತವೆ. ಗ್ಯಾಸ್ಕೆಟ್ಟು ಬದಲಾಯಿಸಿ ಮುಗಿಯಬಹುದಾದ ಕೆಲಸ ಕ್ರ್ಯಾಂಕಿಗೂ ಬೋರಿಗೂ ತಗಲುವುದು ಹೀಗೆ.

ಇಲ್ಲಿಯೂ ಒಂದು ಎಚ್ಚರ ಬೇಕು. ಬಿಳಿಯ ಎಣ್ಣೆಯನ್ನು ಕಂಡೊಡನೆ ಹೆಡ್ಡನ್ನು ಬಿಚ್ಚಬೇಕೆಂದು ಹೇಳುವುದು ಗ್ಯಾರೇಜುಗಳಲ್ಲಿ ಅಪರೂಪವಲ್ಲ. ಹೆಡ್ ಗ್ಯಾಸ್ಕೆಟ್ಟು ಸುಟ್ಟಿರಬಹುದು, ನಿಜ. ಒಮ್ಮೆ ನೀರಿಲ್ಲದೆ ಎಂಜಿನ್ನು ಕುದಿದಿದ್ದರೆ ಹೆಡ್ಡು ಡೊಂಕಾಗಿರಲೂಬಹುದು. ಆದರೆ ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಆಯಿಲ್ ಕೂಲರೆಂಬ ಭಾಗವೊಂದಿದ್ದು, ಅಲ್ಲಿ ಎಣ್ಣೆಯೂ ಕೂಲೆಂಟೂ ಒಂದು ತೆಳುವಾದ ಲೋಹದ ಗೋಡೆಯ ಎರಡು ಪಕ್ಕಗಳಲ್ಲಿ ಹರಿಯುತ್ತವೆ. ಆ ಗೋಡೆಯೋ ಅದರ ಸೀಲೋ ಕೆಟ್ಟರೆ, ಎಂಜಿನ್ನು ಓಡುತ್ತಿರುವಾಗ ಎಣ್ಣೆಯ ಒತ್ತಡವೇ ಹೆಚ್ಚಾದ್ದರಿಂದ ಎಣ್ಣೆ ಕೂಲೆಂಟಿಗೆ ನುಗ್ಗುವುದು. ಎಂಜಿನ್ನು ನಿಂತೊಡನೆ, ಇನ್ನೂ ಬಿಸಿಯಾಗಿ ಒತ್ತಡದಲ್ಲಿರುವ ಕೂಲೆಂಟು ಎಣ್ಣೆಗೆ ಇಳಿಯುವುದು. ಕೂಲೆಂಟಿನ ಬಾಟಲಿಯಲ್ಲಿ ಎಣ್ಣೆಯ ಕೆನೆ ತೇಲುತ್ತಿದ್ದು, ಕಾರು ಎಳೆಯುವುದರಲ್ಲಿ ಕುಂದಿಲ್ಲದೆ, ಹೊಗೆಯೂ ಬಿಳಿಯಾಗದೆ ಇದ್ದರೆ ಮೊದಲು ಕೂಲರನ್ನೇ ನೋಡಿಸಬೇಕು. ಹೆಡ್ ಬಿಚ್ಚುವುದಕ್ಕಿಂತ ಅದು ಎಷ್ಟೋ ಸಣ್ಣ ಕೆಲಸ. ಗ್ಯಾಸ್ಕೆಟ್ಟಿನ ದೋಷಕ್ಕೆ ಬೇರೆ ಲಕ್ಷಣಗಳುಂಟು: ಎಂಜಿನ್ನು ಕಾದ ಮೇಲೂ ನಿಲ್ಲದ, ಸಿಹಿವಾಸನೆಯ ಬಿಳಿಹೊಗೆ, ಬಾಟಲಿಯಲ್ಲಿ ಬಿಡದೆ ಏಳುವ ಗುಳ್ಳೆಗಳು, ಬೆಳಗ್ಗೆ ಒಂದು ಸಿಲಿಂಡರು ತಡವರಿಸುವುದು. ಇಷ್ಟಾದರೂ ಬಿಚ್ಚುವ ಮುನ್ನ ಎರಡು ಪರೀಕ್ಷೆಗಳನ್ನು ಕೇಳಿ ಮಾಡಿಸಿಕೊಳ್ಳುವ ಹಕ್ಕು ಯಜಮಾನನಿಗುಂಟು. ಒಂದು, ಕೂಲೆಂಟಿನ ದಾರಿಗೆ ಕೈಪಂಪಿನಿಂದ ಒತ್ತಡ ಕೊಟ್ಟು ಮುಳ್ಳು ಇಳಿಯುವುದೇ ಎಂದು ನೋಡುವುದು. ಇನ್ನೊಂದು, ಬಾಟಲಿಯ ಬಾಯಿಯ ಗಾಳಿಯನ್ನು ಒಂದು ನೀಲಿಯ ದ್ರವದ ಮೂಲಕ ಹಾಯಿಸುವುದು. ಉರಿದ ಅನಿಲ ಅದರಲ್ಲಿದ್ದರೆ ನೀಲಿ ಹಳದಿಗೆ ತಿರುಗುವುದು. ಕಣ್ಣಾರೆ ಕಾಣುವ ಸಾಕ್ಷಿ.

ಈ ಅನರ್ಥಕ್ಕೆ ಎಷ್ಟೋ ವೇಳೆ ಮೂಲಕಾರಣ ಮನೆಯ ಕೊಳವೆಬಾವಿಯೇ ಆಗಿರುತ್ತದೆ. ಕೂಲೆಂಟು ಕಡಮೆಯಾಯಿತೆಂದು ಒಂದು ಚೊಂಬು ಬೋರ್ ನೀರನ್ನು ಹೊಯ್ಯುವುದು ನಮ್ಮಲ್ಲಿ ರೂಢಿ. ಬಚ್ಚಲ ಹಂಡೆಯೊಳಗೆ ಬಿಳಿಯ ಪೊರೆಗಟ್ಟುವ ಆ ಗಡಸುನೀರು ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಪೊರೆಗಟ್ಟುವುದು. ತುಕ್ಕನ್ನು ತಡೆಯುವ ಲವಣಗಳು ತೆಳುವಾಗುವುವು. ಎಂಜಿನ್ನು ಕಾದು ಗ್ಯಾಸ್ಕೆಟ್ಟು ಸುಡುವುದು. ಕಾರಿನ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನು, ಬೆರೆಸಬೇಕಾದರೆ ಡಿಸ್ಟಿಲ್ಡ್ ವಾಟರಿನೊಡನೆ ಮಾತ್ರ, ಉಪಯೋಗಿಸಬೇಕು.

ನೆರೆಯ ನೀರಿನ ಸಂಗತಿ ಇವೆಲ್ಲಕ್ಕಿಂತ ಬೇರೆ. ೨೦೧೯ರ ಆಗಸ್ಟಿನಲ್ಲಿ ಲಕ್ಷ್ಮಣತೀರ್ಥವೂ ಕಪಿಲೆಯೂ ಉಕ್ಕಿದುದನ್ನು ಈ ಕಡೆಯವರು ಮರೆತಿರಲಾರರು. ಅಂಥ ನೀರಿನಲ್ಲಿ ನಿಂತ ಕಾರಿನ ಚಾವಿಯನ್ನು ತಿರುವಲೇಕೂಡದು. ಸಿಲಿಂಡರಿನೊಳಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ನು ಅದಕ್ಕೆ ಗುದ್ದಿ ಕನೆಕ್ಟಿಂಗ್ ರಾಡು ಬಾಗುವುದು. ನೀರಿನಲ್ಲಿ ನಿಂತ ಎಂಜಿನ್ನನ್ನು ಚಾಲೂ ಮಾಡಿ ಕೆಡಿಸಿದ ನಷ್ಟವನ್ನು, ಎಂಜಿನ್ ರಕ್ಷಣೆಯ ಪ್ರತ್ಯೇಕ ಕಂತಿಲ್ಲದ ವಿಮೆಯಲ್ಲಿ ಸಾಮಾನ್ಯವಾಗಿ ಕಟ್ಟಿಕೊಡುವುದಿಲ್ಲವೆಂಬುದನ್ನೂ ನೆನಪಿಡಬೇಕು. ಕಾರನ್ನು ಒಣನೆಲಕ್ಕೆ ಎಳೆಯಿಸಿ, ಏರ್ ಫಿಲ್ಟರು ಒದ್ದೆಯಾಗಿದೆಯೇ ಎಂದು ನೋಡಿ, ಒಂದು ರಾತ್ರಿ ಅಲುಗಿಸದೆ ಬಿಡಬೇಕು. ಎಣ್ಣೆಗಿಂತ ನೀರು ಭಾರವಾದ್ದರಿಂದ ಅದು ಚೇಂಬರಿನ ತಳಕ್ಕೆ ಇಳಿದಿರುತ್ತದೆ. ಬೆಳಗ್ಗೆ ಡ್ರೈನ್ ನಟ್ಟನ್ನು ಮೆಲ್ಲನೆ ಸಡಿಲಿಸಿದರೆ, ಒಳಗೆ ಹೊಕ್ಕ ನೀರಿದ್ದಲ್ಲಿ ಎಣ್ಣೆಗಿಂತ ಮೊದಲು ಅದೇ ಹೊರಬರುವುದು.

ದುರಸ್ತಿಯಾದ ಮೇಲೆ ಕೆಟ್ಟ ಎಣ್ಣೆಯನ್ನು ಬಸಿದು, ಹೊಸ ಎಣ್ಣೆಯನ್ನೂ ಫಿಲ್ಟರನ್ನೂ ಹಾಕಿಸಿ, ಕೆಲವು ನೂರು ಕಿಲೋಮೀಟರುಗಳ ನಂತರ ಎರಡನ್ನೂ ಮತ್ತೊಮ್ಮೆ ಬದಲಾಯಿಸುವುದು ಒಳ್ಳೆಯದು. ಮೂಲೆಮುಡುಕುಗಳಲ್ಲಿ ಉಳಿದ ಗ್ಲೈಕಾಲು ಒಂದೇ ಸಲಕ್ಕೆ ಹೋಗದು. ಬಸಿದ ಕೂಲೆಂಟನ್ನು ಮಾತ್ರ ಅಂಗಳಕ್ಕಾಗಲಿ ಮೋರಿಗಾಗಲಿ ಚೆಲ್ಲಬಾರದು. ಎಥಿಲೀನ್ ಗ್ಲೈಕಾಲು ನಾಲಗೆಗೆ ಸಿಹಿ, ಹೊಟ್ಟೆಗೆ ವಿಷ. ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುವುದು. ಬಣ್ಣಕ್ಕೆ ಮರುಳಾಗುವ ಮಕ್ಕಳೂ, ಸಿಹಿಗೆ ಬಾಯಿಡುವ ನಾಯಿ ಕರುಗಳೂ ಇರುವ ಮನೆಯಲ್ಲಿ ಅದನ್ನು ಬಾಯಿ ಬಿಗಿದ ಡಬ್ಬಿಯಲ್ಲಿ, ಹೆಸರು ಬರೆದು, ಎತ್ತರದಲ್ಲಿಟ್ಟು, ಹಳೆಯ ಎಣ್ಣೆಯೊಡನೆ ಬೆರೆಸದೆ ಗ್ಯಾರೇಜಿಗೇ ಹಿಂದಕ್ಕೆ ಕೊಡತಕ್ಕದ್ದು.