ಮೈಸೂರಿನ ಜಾವಾ: ರೂಪದ ಸ್ಥಿರತೆ, ಯಂತ್ರದ ಪರಿವರ್ತನೆ

ಜನಪ್ರಿಯವಾದ ವಾಹನವೊಂದನ್ನು ಕಾಲಾನುಗುಣವಾಗಿ ತಿದ್ದುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಅಮೆರಿಕದ ಷೆವ್ರೊಲೆ ಕಾರ್ವೆಟ್ ಕಾರು ಇದಕ್ಕೆ ಒಂದು ಬಗೆಯ ಉತ್ತರ ನೀಡಿದೆ. 1953ರಲ್ಲಿ ಆರು ಸಿಲಿಂಡರುಗಳ ಎಂಜಿನ್ನಿನೊಡನೆ ಹೊರಬಂದ ಆ ಕಾರು 1955ರಲ್ಲಿ ಎಂಟು ಸಿಲಿಂಡರುಗಳ ಎಂಜಿನ್ನನ್ನು ಪಡೆಯಿತು. 2020ರ ಮಾದರಿಯಲ್ಲಿ ಎಂಜಿನ್ನೇ ಮುಂಭಾಗವನ್ನು ಬಿಟ್ಟು ಚಾಲಕನ ಬೆನ್ನ ಹಿಂದಕ್ಕೆ ಸರಿಯಿತು. ಅಲ್ಲಿ ರೂಪ ಬದಲಾಯಿತು. ಹೆಸರೂ ವೇಗದ ಗುರಿಯೂ ಉಳಿದವು. ನಮ್ಮ ನಾಡಿನ ಜಾವಾ ಮೋಟಾರ್ ಸೈಕಲ್ಲಿನಲ್ಲಿ ಇದಕ್ಕೆ ವಿಪರೀತವಾದುದು ನಡೆದಿದೆ. ಅದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸೋಣ.

ಜಾವಾ ಸಂಸ್ಥೆಯನ್ನು 1929ರಲ್ಲಿ ಪ್ರಾಗ್ ನಗರದಲ್ಲಿ ಸ್ಥಾಪಿಸಿದವನು ಫ್ರಾಂಟಿಶೆಕ್ ಯಾನೆಚೆಕ್. ಅವನ ಹೆಸರಿನ ಮೊದಲ ಅಕ್ಷರಗಳೂ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೊದಲ ಅಕ್ಷರಗಳೂ ಕೂಡಿ ಈ ಹೆಸರಾಯಿತು. 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕೆಲಸ ತೊಡಗಿತು. 1973ರಲ್ಲಿ ವಾಹನಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು. 1978ರಲ್ಲಿ 16 ಅಶ್ವಶಕ್ತಿಯ ರೋಡ್‌ಕಿಂಗ್ ಮಾದರಿ ಹೊರಬಿದ್ದಿತು.

ಮೊದಲಿನ ಜಾವಾದ ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಪಿಸ್ಟನ್ ಚಲಿಸುವ ದೂರ 75 ಮಿಲಿಮೀಟರು. ವಿದ್ಯಾರ್ಥಿಗಳು ಗುಣಿಸಿ ನೋಡಿದರೆ ಗಾತ್ರ ಸುಮಾರು 249 ಘನ ಸೆಂಟಿಮೀಟರಾಗುವುದು. ಅದು ಎರಡು ಹೊಡೆತದ ಎಂಜಿನ್ನು. ಕ್ರ್ಯಾಂಕ್ ದಂಡದ ಪ್ರತಿ ಸುತ್ತಿಗೂ ಒಮ್ಮೆ ದಹನ ನಡೆಯುವುದು. ಕವಾಟಗಳ ಗೊಡವೆ ಇಲ್ಲದ ಕಾರಣ ರಚನೆ ಸರಳ, ದುರಸ್ತಿ ಸುಲಭ. ಕಿಕ್ ಹೊಡೆಯುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗಿದ್ದುದು ಇದೇ ಮಿತವ್ಯಯಬುದ್ಧಿಯ ಫಲ. ಆದರೆ ಈ ಸರಳತೆಗೆ ತೆರಬೇಕಾದ ಬೆಲೆಯೂ ಇತ್ತು. ಉರಿದ ಅನಿಲ ಹೊರಹೋಗುವ ದ್ವಾರ ತೆರೆದಿರುವಾಗಲೇ ಹೊಸ ಮಿಶ್ರಣ ಒಳಬರುವುದರಿಂದ, ಅದರ ಒಂದು ಭಾಗ ಉರಿಯದೆಯೇ ಹೊರಬೀಳುವುದು. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೂ ಹೊಗೆಯಾಗುವುದು. ಇಂಧನದ ನಷ್ಟ, ಗಾಳಿಯ ಮಾಲಿನ್ಯ ಎರಡಕ್ಕೂ ಕಾರಣ ಒಂದೇ.

ಈ ದೋಷವನ್ನು ಬೆಟ್ಟದ ದಾರಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಬೆಂಗಳೂರಿನಿಂದ ದೇವನಹಳ್ಳಿಯ ಮಾರ್ಗವಾಗಿ ನಂದಿಬೆಟ್ಟಕ್ಕೆ ಹೋಗುವ ಸವಾರರನ್ನು ತೆಗೆದುಕೊಳ್ಳೋಣ. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1478 ಮೀಟರು ಎತ್ತರದಲ್ಲಿದೆ. ಹತ್ತುವಾಗ ಬೇಕಾದುದು ಟಾರ್ಕ್, ಎಂದರೆ ತಿರುಗುಬಲ. ಹಳೆಯ ಜಾವಾ ನಿಮಿಷಕ್ಕೆ 4750 ಸುತ್ತಿನ ವೇಗದಲ್ಲಿ 12 ಅಶ್ವಶಕ್ತಿ ನೀಡುತ್ತಿತ್ತು. ಸಾಮರ್ಥ್ಯವನ್ನು ಕೋನವೇಗದಿಂದ ಭಾಗಿಸಿದರೆ ಆ ವೇಗದಲ್ಲಿ ತಿರುಗುಬಲ ಸುಮಾರು 18 ನ್ಯೂಟನ್-ಮೀಟರು. ಇಳಿಯುವಾಗಿನ ಕಷ್ಟ ಬೇರೆ ಬಗೆಯದು. ಆಕ್ಸಿಲರೇಟರನ್ನು ಮುಚ್ಚಿದರೆ ಪೆಟ್ರೋಲಿನೊಡನೆ ಎಣ್ಣೆಯ ಪೂರೈಕೆಯೂ ಕುಗ್ಗುವುದು. ಚಕ್ರಗಳು ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಿರುವಾಗಲೇ ಅದಕ್ಕೆ ಜಿಡ್ಡಿನ ಅಭಾವ. ಆದುದರಿಂದ ಬಲ್ಲ ಸವಾರರು ಇಳಿಜಾರಿನಲ್ಲಿ ಆಗಾಗ್ಗೆ ಆಕ್ಸಿಲರೇಟರನ್ನು ತುಸು ತೆರೆಯುತ್ತಿದ್ದರು. ಡ್ರಮ್ ಬ್ರೇಕುಗಳು ಶಾಖವನ್ನು ಬೇಗನೆ ಹೊರಚೆಲ್ಲಲಾರದೆ ದಣಿಯುತ್ತಿದ್ದುದೂ ಉಂಟು.

1985ರಲ್ಲಿ ನಾಲ್ಕು ಹೊಡೆತದ, ಪೆಟ್ರೋಲು ಉಳಿಸುವ ಹೀರೋ ಹೋಂಡಾ 100 ಘನ ಸೆಂಟಿಮೀಟರಿನ ವಾಹನ ಪೇಟೆಗೆ ಬಂದಿತು. 1990ರ ದಶಕದಲ್ಲಿ ಹೊಗೆಯ ಮಿತಿಗಳು ಬಿಗಿಯಾದವು. ಹಳೆಯ ತತ್ತ್ವವನ್ನೇ ನೆಚ್ಚಿದ್ದ ಯಂತ್ರಕ್ಕೆ ಕಾಲ ಪ್ರತಿಕೂಲವಾಯಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು.

2018ರ ನವೆಂಬರಿನಲ್ಲಿ ಮಹೀಂದ್ರಾ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಜಾವಾ ಹೆಸರಿನಲ್ಲಿ ಹೊಸ ವಾಹನಗಳನ್ನು ಹೊರತಂದಿತು. ಎಂಜಿನ್ನು 293 ಘನ ಸೆಂಟಿಮೀಟರಿನದು, ನಾಲ್ಕು ಹೊಡೆತದ್ದು, ದ್ರವದಿಂದ ತಂಪುಗೊಳ್ಳುವಂಥದು. ಸಾಮರ್ಥ್ಯ 27 ಅಶ್ವಶಕ್ತಿ, ತಿರುಗುಬಲ 28 ನ್ಯೂಟನ್-ಮೀಟರು. ಇಲ್ಲಿ ದಹನ ಎರಡು ಸುತ್ತಿಗೊಮ್ಮೆ ಮಾತ್ರ. ಆದರೂ ಬಲ ಹೆಚ್ಚು. ಕವಾಟಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವುದರಿಂದ ಮಿಶ್ರಣ ವ್ಯರ್ಥವಾಗದಿರುವುದು ಇದಕ್ಕೆ ಒಂದು ಕಾರಣ. ಎಣ್ಣೆ ಪ್ರತ್ಯೇಕವಾಗಿ ಸಂಚರಿಸುವುದರಿಂದ ಇಳಿಜಾರಿನ ಭಯವಿಲ್ಲ. ಮುಂದಿನ ಚಕ್ರಕ್ಕೆ 280 ಮಿಲಿಮೀಟರಿನ ಡಿಸ್ಕ್ ಬ್ರೇಕೂ ಚಕ್ರ ಜಡಿದು ಜಾರುವುದನ್ನು ತಡೆಯುವ ವ್ಯವಸ್ಥೆಯೂ ಒದಗಿದವು.

ಇಷ್ಟಾದರೂ ಕಣ್ಣಿಗೆ ಕಾಣುವುದು ಹಳೆಯ ಜಾವಾವೇ: ದುಂಡನೆಯ ಪೆಟ್ರೋಲ್ ಟ್ಯಾಂಕು, ಅದರ ಕ್ರೋಮ್ ಹೊಳಪು, ಎರಡು ಪಕ್ಕದ ಜೋಡಿ ಸೈಲೆನ್ಸರುಗಳು. ಒಂದೇ ಸಿಲಿಂಡರಿನ ಎಂಜಿನ್ನಿಗೆ ಒಂದು ಸೈಲೆನ್ಸರು ಸಾಕು. ಎರಡನೆಯದು ನೆನಪಿಗೆ ಸಲ್ಲಿಸಿದ ಕಾಣಿಕೆ. ಅದರ ತೂಕವನ್ನು ವಾಹನ ಹೊರಲೇಬೇಕು. ಆ ಹಳೆಯ ನಾದ ಮಾತ್ರ ಎರಡು ಹೊಡೆತದ ದಹನಕ್ರಮದಿಂದ ಹುಟ್ಟಿದ್ದು. ಅದನ್ನು ರೂಪದಂತೆ ನಕಲು ಮಾಡಲು ಬಾರದು.

ಹೀಗೆ ಕಾರ್ವೆಟ್ಟಿನಲ್ಲಿ ರೂಪವನ್ನು ಬಿಟ್ಟು ಗುರಿಯನ್ನು ಉಳಿಸಿಕೊಂಡರು. ಜಾವಾದಲ್ಲಿ ತತ್ತ್ವವನ್ನು ಬಿಟ್ಟು ರೂಪವನ್ನು ಉಳಿಸಿಕೊಂಡರು. ಯಂತ್ರದ ದೃಷ್ಟಿಯಿಂದ ಎರಡೂ ಸಮರ್ಥನೀಯವೇ. ಒಂದು ವ್ಯತ್ಯಾಸವನ್ನು ಮಾತ್ರ ನಾವು ಮರೆಯಲಾಗದು. ಕಾರ್ವೆಟ್ಟಿನ ತಯಾರಿಕೆ ಅದೇ ಸಂಸ್ಥೆಯ ಕೈಯಲ್ಲಿ ಮುಂದುವರಿದಿದೆ. ಹೊಸ ಜಾವಾ ತಯಾರಾಗಿದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರೂ ರೂಪವೂ ಮರಳಿ ಬಂದವು. ಅವನ್ನು ಮನೆಮಾತಾಗಿಸಿದ ಯಾದವಗಿರಿಯ ಕೆಲಸ ಮರಳಲಿಲ್ಲ. ಸುಧಾರಣೆಯನ್ನು ತಕ್ಕ ಕಾಲದಲ್ಲಿ ಕೈಗೊಳ್ಳದಿದ್ದರೆ ವಸ್ತುವಿನ ಚೆಲುವನ್ನು ಮುಂದೆ ಯಾರಾದರೂ ಉಳಿಸಿಯಾರು, ಅದನ್ನು ಮಾಡಿದವರ ಬದುಕನ್ನಲ್ಲ. ಯಂತ್ರಶಾಸ್ತ್ರದ ವಿದ್ಯಾರ್ಥಿಗಳು ಜಾವಾದ ಇತಿಹಾಸದಿಂದ ಗ್ರಹಿಸಬೇಕಾದ ಮುಖ್ಯ ಪಾಠ ಇದೇ ಎಂದು ನಮ್ಮ ಅಭಿಪ್ರಾಯ.