ಅಬ್ದುಲ್: ಅರ್ಧಕ್ಕೆ ನಿಂತ ಹೆಸರು

ಮೇಷ್ಟ್ರು ಹಾಜರಿ ಪುಸ್ತಕ ನೋಡಿ 'ಅಬ್ದುಲ್' ಎಂದು ಕೂಗುತ್ತಾರೆ. ಹುಡುಗ 'ಯೆಸ್ ಸಾರ್' ಎನ್ನುತ್ತಾನೆ. ಅರಬ್ಬೀ ಬಲ್ಲವರ ಕಿವಿಗೆ ಮಾತ್ರ ಆ ಕೂಗು ಅರ್ಧಕ್ಕೆ ನಿಂತ ಮಾತಿನಂತೆ ಕೇಳಿಸುತ್ತದೆ. ಏಕೆಂದರೆ ಅಬ್ದುಲ್ ಎಂಬುದು ಪೂರ್ಣ ಹೆಸರೇ ಅಲ್ಲ.

'ಅಬ್ದ್' ಎಂದರೆ ದಾಸ, ಸೇವಕ. 'ಅಲ್' ಎಂಬುದು ಇಂಗ್ಲಿಷಿನ 'ದಿ' ಇದ್ದ ಹಾಗೆ, ಮುಂದಿನ ಪದಕ್ಕೆ ಸೇರಿದ್ದು. ಎರಡೂ ಕೂಡಿದರೆ 'ಇಂಥವನ ದಾಸ' ಎಂದಷ್ಟೇ ಆಯಿತು. ಯಾರ ದಾಸ? ಉತ್ತರವಿರುವುದು ಮುಂದಿನ ಪದದಲ್ಲಿ. ಕರೀಮ್ ಎಂದರೆ ಉದಾರಿ, ಖಾದರ್ ಎಂದರೆ ಸಮರ್ಥ, ರಜಾಕ್ ಎಂದರೆ ಅನ್ನ ಕೊಡುವವನು. ಇವೆಲ್ಲ ಅಲ್ಲಾಹನ 99 ನಾಮಗಳಲ್ಲಿ ಸೇರಿದವು. ಅಬ್ದುಲ್ ರಜಾಕ್ ಎಂದರೆ ಅನ್ನದಾತನಾದ ದೇವರ ದಾಸ. ಅಬ್ದುಲ್ಲಾ, ಅಬ್ದುಲ್ ರಹಮಾನ್ ಎಂಬೆರಡು ಹೆಸರುಗಳು ದೇವರಿಗೆ ಅತ್ಯಂತ ಪ್ರಿಯವೆಂದು ಪ್ರವಾದಿಯವರು ಹೇಳಿದ್ದುಂಟು. ಅವರ ತಂದೆಯ ಹೆಸರೂ ಅಬ್ದುಲ್ಲಾ ಎಂದೇ.

ದಾಸರ ನಾಡಾದ ಕರ್ನಾಟಕಕ್ಕೆ ಇದೇನು ಹೊಸ ಕಲ್ಪನೆಯಲ್ಲ. ಆದರೆ ವ್ಯತ್ಯಾಸವೊಂದಿದೆ. ರಾಮದಾಸನನ್ನು 'ರಾಮ' ಎಂದು ಕರೆದರೂ ನಡೆಯುತ್ತದೆ, 'ದಾಸ' ಎಂದರೂ ನಡೆಯುತ್ತದೆ. ಅಬ್ದುಲ್ ರಹಮಾನನನ್ನು 'ಅಬ್ದುಲ್' ಎಂದರೆ ಊರಿನ ಹೆಸರಿಲ್ಲದ ವಿಳಾಸವಾಯಿತು. 'ರಹಮಾನ್' ಎಂದರೆ ದೇವರಿಗಷ್ಟೇ ಸಲ್ಲುವ ಹೆಸರು ಮನುಷ್ಯನಿಗೆ ಸಂದಿತಲ್ಲ ಎಂದು ಧಾರ್ಮಿಕ ಮನೆಗಳ ಹಿರಿಯರು ಮುಜುಗರಪಡುತ್ತಾರೆ.

1979ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರಲ್ಲೊಬ್ಬರು ಅಬ್ದುಸ್ ಸಲಾಮ್. ಇಲ್ಲಿ 'ಅಬ್ದುಸ್' ಏಕೆ? 'ಸತ್' ಮತ್ತು 'ಜನ' ಸೇರಿ 'ಸಜ್ಜನ' ಆಗುವುದನ್ನು ಓದಿದ ಮಕ್ಕಳಿಗೆ ಇದು ಕಷ್ಟವಲ್ಲ. ಅರಬ್ಬಿಯಲ್ಲೂ ಸ, ರ ಮುಂತಾದ ಅಕ್ಷರಗಳ ಮುಂದೆ 'ಲ್' ಕರಗಿ ಅದೇ ಅಕ್ಷರವಾಗುತ್ತದೆ. ಆದ್ದರಿಂದ ಅಬ್ದುರ್ರಹಮಾನ್ ಮತ್ತು ಅಬ್ದುಲ್ ರಹಮಾನ್ ಒಂದೇ ಹೆಸರು. ಕರಾವಳಿಯ ಆಡುಮಾತಿನಲ್ಲಿ ಅದೇ ಸವೆದು 'ಅದ್ರಾಮ' ಆಗಿದೆ. ಪ್ರೀತಿಯಿಂದ ಹೆಸರು ಬದಲಿಸುವುದರಲ್ಲಿ ನಮ್ಮ ಜನ ಎತ್ತಿದ ಕೈ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ ಮಂತ್ರಿ ಅಬ್ದುಲ್ ನಜೀರ್ ಸಾಬರನ್ನು ಅವರು 'ನೀರ್ ಸಾಬ್' ಮಾಡಲಿಲ್ಲವೆ?

ಕಚೇರಿಯ ಕಾಗದಕ್ಕೆ ಇಂಥ ಪ್ರೀತಿ ತಿಳಿಯದು. ಅರ್ಜಿ ನಮೂನೆ ಮೊದಲ ಹೆಸರು ಬೇರೆ, ಮನೆತನದ ಹೆಸರು ಬೇರೆ ಕೇಳುತ್ತದೆ. ಮನೆತನದ ಹೆಸರೇ ಇಲ್ಲದ ಕುಟುಂಬ ಒಂದು ಕಡೆ 'ಅಬ್ದುಲ್', ಇನ್ನೊಂದು ಕಡೆ 'ರಹಮಾನ್' ಎಂದು ತುಂಬಿಬಿಡುತ್ತದೆ. ಶಾಲೆಯಲ್ಲಿ 'ಅಬ್ದುಲ್ ರಹಿಮಾನ್', ಪಡಿತರ ಚೀಟಿಯಲ್ಲಿ 'ಅಬ್ದುರ್ ರೆಹಮಾನ್', ಬ್ಯಾಂಕಿನಲ್ಲಿ 'ಎ. ರಹಮಾನ್'. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ಮೇಲೆ ಮೂವರೂ ಒಬ್ಬನೇ ಎಂದು ಸಾಬೀತು ಮಾಡಲು ತಂದೆ ಪ್ರಮಾಣಪತ್ರ ಹಿಡಿದು ಅಲೆಯಬೇಕು.

ಈಗಂತೂ ಎಚ್ಚರ ಇನ್ನೂ ಅಗತ್ಯ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶಕ್ಕೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಆಧಾರ. ಮುಸ್ಲಿಮರಲ್ಲಿ ಸಾಮಾನ್ಯವಾಗಿ ಏಳನೆಯ ದಿನ ಅಕೀಕಾ ಮಾಡಿ ಹೆಸರಿಡುತ್ತಾರೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಹೆಸರಿಲ್ಲದೆಯೇ ಜನನ ದಾಖಲಾಗಿರುವುದುಂಟು. ಹಾಗಿದ್ದರೆ ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಗ 'ಅಬ್ದುಲ್' ಜೊತೆಗಿನ ಪದವನ್ನೂ ಬಿಡದೆ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒಂದೇ ಕಾಗುಣಿತ ಹಿಡಿದು ಬರೆಸುವುದು ಒಳಿತು.