ದೂರಶಿಕ್ಷಣದ ಸಾಧನವೂ ಗಡಿನಾಡಿನ ಕನ್ನಡ ಮಗುವೂ

ಶಿಕ್ಷಣಕ್ಕೆ ಯಂತ್ರಸಾಧನವನ್ನು ಆರಿಸುವವರು ಅದು ಯಾರ ಮನೆಯನ್ನು ಯಾವ ನುಡಿಯಲ್ಲಿ ಮುಟ್ಟುವುದೆಂದು ಮೊದಲು ವಿಚಾರಿಸಬೇಕು. ಕೇರಳದ ಅನುಭವ ಇದಕ್ಕೆ ತಕ್ಕ ನಿದರ್ಶನ. 2004ರಲ್ಲಿ ಹಾರಿಸಿದ ಎಜುಸ್ಯಾಟ್ ಉಪಗ್ರಹವನ್ನು ಅವಲಂಬಿಸಿ 2005ರಲ್ಲಿ ತಿರುವನಂತಪುರದಲ್ಲಿ ‘ವಿಕ್ಟರ್ಸ್’ ವಾಹಿನಿ ಉದ್ಘಾಟನೆಗೊಂಡಿತು. 2010ರಲ್ಲಿ ಉಪಗ್ರಹದ ಸೇವೆ ಮುಗಿದರೂ ವಾಹಿನಿ ಉಳಿಯಿತು. ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದಾಗ, ರಾಜ್ಯದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್, 2020ರ ಜೂನ್ 1ರಿಂದ ಅದೇ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠಗಳನ್ನು ಆರಂಭಿಸಿತು. ಅಂತರ್ಜಾಲವಿಲ್ಲದ ಮನೆಯನ್ನೂ ಟೆಲಿವಿಷನ್ ತಲುಪಬಲ್ಲುದಾದುದರಿಂದ ಈ ಆಯ್ಕೆ ವಿವೇಕದ್ದೇ ಸರಿ.

ಆದರೆ 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಮುಖ್ಯ ವಾಹಿನಿಯ ಪಾಠಗಳು ಬಹುಮಟ್ಟಿಗೆ ಮಲೆಯಾಳದವು. ಕನ್ನಡ ಪಾಠಗಳಿಗೆ ಕೈಟ್ ಕಾಸರಗೋಡಿನ ಯೂಟ್ಯೂಬ್ ವಾಹಿನಿಯನ್ನು ಗೊತ್ತುಮಾಡಲಾಯಿತು. ಟೆಲಿವಿಷನ್ನಿನ ಪಾಠವನ್ನು ಎಷ್ಟು ಹೊತ್ತು ನೋಡಿದರೂ ವೆಚ್ಚ ಏರದು. ಯೂಟ್ಯೂಬಿನ ಪಾಠವನ್ನು ಬೇಕಾದಾಗ ಮರಳಿ ನೋಡಬಹುದು; ಆದರೆ ಅದಕ್ಕೆ ಫೋನು ಬೇಕು, ನೆಟ್‌ವರ್ಕ್ ಬೇಕು, ಪ್ರತಿ ಪಾಠಕ್ಕೂ ಡೇಟಾ ಬೇಕು. ಹೀಗೆ ಬಹುಸಂಖ್ಯಾತರ ಮನೆಯಿಂದ ಇಳಿಸಿದ ಭಾರ ಅಲ್ಪಸಂಖ್ಯಾತರ ಮನೆಗೆ ಬೀಳಬಹುದು. ಪಠ್ಯಪುಸ್ತಕಗಳನ್ನು ಕನ್ನಡದಲ್ಲಿಯೂ ಅಚ್ಚುಮಾಡಿಸುವ ಸರಕಾರ, ಸಾಧನವನ್ನು ಆರಿಸುವ ದಿನವೇ ಕನ್ನಡಕ್ಕೂ ಅದರಲ್ಲಿ ಸ್ಥಳವಿಡುವುದು ನ್ಯಾಯ.